ದೀಪದ ಬುಡದ ಊರುಗಳು

ದುದ್ದದಿಂದ ಮಂಡ್ಯಕ್ಕೆ ಹೋದಾಗಲೆಲ್ಲ ಒಂದು ಗುಜರಿ ಅಂಗಡಿಯ ಮುಂದೆ ನಮ್ಮ ಕಾಲು ತಾನಾಗಿ ನಿಂತುಬಿಡುತ್ತದೆ. ಮುರಿದ ಪಂಪ್‌ಸೆಟ್ಟು, ತುಕ್ಕು ಹಿಡಿದ ಸೈಕಲ್ಲು, ಹಳೆ ಪಾತ್ರೆಗಳ ರಾಶಿಯ ನಡುವೆ ಬೀದಿದೀಪದ ಒಂದು ಟೋಪಿ ಕಂಡರೆ ಸಾಕು, ಬಂದ ಕೆಲಸ ಮರೆತುಹೋಗುತ್ತದೆ. ಹೊರಗೆ ಹಸಿರು, ಒಳಗೆ ಬಿಳಿ ಎನಾಮಲ್ ಬಳಿದ, ತಟ್ಟೆಯನ್ನು ಬೋರಲು ಹಾಕಿದಂತಿರುವ ಕಬ್ಬಿಣದ ಟೋಪಿ. ಅದರ ಕೆಳಗೊಂದು ಬಲ್ಬು ನೇತಾಡುತ್ತಿದ್ದ ಕಾಲವನ್ನು ನಲವತ್ತು ದಾಟಿದವರೆಲ್ಲ ಕಂಡಿದ್ದಾರೆ.

“ಕ್ಯಾ ಮಿಯಾಂ, ಇದನ್ನೂ ಹೊತ್ತುಕೊಂಡು ಹೋಗ್ತೀರಾ? ಮನೇಲಿ ಬೈಯೋದಿಲ್ವಾ?” ಎಂದು ಅಂಗಡಿಯ ಚಾಚಾ ನಗುತ್ತಾರೆ. ಬೈಯುತ್ತಾರೆ. ಆದರೂ ತರುತ್ತೇವೆ. ‘ನಾವು’ ಎಂದರೆ ನಾಲ್ಕು ಜನ: ನಿವೃತ್ತ ಲೈನ್‌ಮ್ಯಾನ್ ಒಬ್ಬರು, ಶಾಲೆಯ ಮೇಷ್ಟ್ರೊಬ್ಬರು, ವೆಲ್ಡಿಂಗ್ ಕೆಲಸದ ಗೆಳೆಯ, ಮತ್ತು ಇದನ್ನು ಬರೆಯುತ್ತಿರುವವರು. ಸಂಘವೂ ಇಲ್ಲ, ಬೋರ್ಡೂ ಇಲ್ಲ. ಹಳೆಯ ದೀಪಗಳನ್ನು ಕೂಡಿಸಿ, ಸಾಧ್ಯವಾದರೆ ಮತ್ತೆ ಬೆಳಗಿಸುವುದು ನಮ್ಮ ಗೀಳು.

ದೀಪದ ಬುಡದಲ್ಲಿ ಕತ್ತಲು ಎಂಬ ಗಾದೆ ಕನ್ನಡದಲ್ಲಿದೆ. ಉರ್ದುವಿನಲ್ಲೂ ಅದೇ ಮಾತು: ಚಿರಾಗ್ ತಲೇ ಅಂಧೇರಾ. ಮಂಡ್ಯ ಜಿಲ್ಲೆಯ ವಿದ್ಯುತ್ತಿನ ಚರಿತ್ರೆಗೆ ಇದಕ್ಕಿಂತ ಒಳ್ಳೆಯ ತಲೆಬರಹ ಸಿಗಲಾರದು.

ಮಳವಳ್ಳಿ ತಾಲೂಕಿನ ಶಿವನಸಮುದ್ರದಲ್ಲಿ ಕಾವೇರಿ ಧುಮುಕುವ ರಭಸವನ್ನು ಕರೆಂಟಾಗಿಸುವ ಯೋಜನೆ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದ್ದು. ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೆರ್ ಅದರ ಹಿಂದೆ ನಿಂತರು. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯಿಂದ ಬಂದವು. 1902ರ ಜೂನ್ 30ರಂದು ಸ್ಥಾವರ ಚಾಲನೆಗೊಂಡಿತು. ಅಷ್ಟರಲ್ಲಿ ಅಯ್ಯರ್ ತೀರಿಕೊಂಡು ಒಂಬತ್ತು ತಿಂಗಳಾಗಿತ್ತು. ಈ ಕರೆಂಟು ಮೊದಲು ಹೋದದ್ದು ಮಳವಳ್ಳಿಗಲ್ಲ, ಮದ್ದೂರಿಗಲ್ಲ. 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ. ಅಷ್ಟು ದೂರ ತಂತಿಯ ಮೇಲೆ ವಿದ್ಯುತ್ ಸಾಗಿಸುವುದು ಆಗ ಜಗತ್ತಿನಲ್ಲೇ ಅಪರೂಪದ ಸಾಹಸ. ಗಣಿಯ ಯಂತ್ರಗಳನ್ನು ತಿರುಗಿಸಲು ಹುಟ್ಟಿದ ಶಕ್ತಿ ಅದು, ಬೀದಿ ಬೆಳಗಿಸಲು ಹುಟ್ಟಿದ್ದಲ್ಲ.

ಬೀದಿಯ ಸರದಿ ಬಂದದ್ದು ಮೂರು ವರ್ಷದ ನಂತರ. 1905ರ ಆಗಸ್ಟ್ 5ರಂದು ಬೆಂಗಳೂರಿನ ಸಿಟಿ ಮಾರುಕಟ್ಟೆಯ ಬಳಿ ಶಿವನಸಮುದ್ರದ ಕರೆಂಟಿನಿಂದ ದೀಪ ಹತ್ತಿತು. ಅದುವರೆಗೆ ಸೀಮೆಎಣ್ಣೆ ದೀಪಗಳ ಮಬ್ಬು ಬೆಳಕಿನಲ್ಲಿದ್ದ ಊರು ಅದು. ಏಷ್ಯಾದಲ್ಲೇ ವಿದ್ಯುತ್ ಬೀದಿದೀಪ ಕಂಡ ಮೊದಲ ನಗರ ಬೆಂಗಳೂರು ಎಂದು ಪ್ರತಿವರ್ಷ ಯಾರಾದರೂ ಬರೆಯುತ್ತಾರೆ. ಈ ಹೆಮ್ಮೆಯನ್ನು ಸ್ವಲ್ಪ ತಗ್ಗಿಸಿಕೊಳ್ಳುವುದು ಒಳ್ಳೆಯದು. 1882ರಲ್ಲೇ ಶಾಂಘೈ ಬೀದಿಯಲ್ಲಿ ವಿದ್ಯುತ್ ದೀಪಗಳಿದ್ದವು. ನಮ್ಮ ದೇಶದಲ್ಲೇ ಡಾರ್ಜಿಲಿಂಗ್ ಬಳಿಯ ಸಿದ್ರಾಪೊಂಗ್ ಜಲವಿದ್ಯುತ್ ಸ್ಥಾವರ 1897ರಲ್ಲಿ ಶುರುವಾಗಿತ್ತು. ಇಲ್ಲದ ಕಿರೀಟ ತೊಡಿಸದಿದ್ದರೂ ಮೈಸೂರು ಸಂಸ್ಥಾನದ ಸಾಧನೆ ದೊಡ್ಡದೇ. 1908ರಲ್ಲಿ ಮೈಸೂರು ನಗರಕ್ಕೂ ವಿದ್ಯುತ್ ಬಂತು. ದಸರಾ ದೀಪಗಳ ವೈಭವದ ಮೂಲ ಅಲ್ಲಿದೆ.

ಹಾಗಾದರೆ ಜಲಪಾತದ ಸುತ್ತಲ ಹಳ್ಳಿಗಳ ಗತಿ? ಅವು ಬಹುಕಾಲ ಬುಡ್ಡಿ, ಲಾಟೀನು, ಪಂಜುಗಳಲ್ಲೇ ಇದ್ದವು. ದುದ್ದದಿಂದ ಹೆಚ್ಚು ದೂರವಿಲ್ಲದ ಮೇಲುಕೋಟೆಯಲ್ಲಿ ವೈರಮುಡಿಯ ರಾತ್ರಿ ಇಂದಿಗೂ ದೀವಟಿಗೆ ಹಿಡಿಯುತ್ತಾರೆ. ಅದನ್ನು ನೋಡಿದವರಿಗೆ ಕಂಬವಿಲ್ಲದ ಕಾಲದ ರಾತ್ರಿ ಹೇಗಿತ್ತೆಂಬುದು ಸ್ವಲ್ಪ ಅರ್ಥವಾದೀತು. 1940ರಲ್ಲಿ ಮಳವಳ್ಳಿ ತಾಲೂಕಿನಲ್ಲೇ ಶಿಂಷಾ ಎಂಬ ಇನ್ನೊಂದು ಸ್ಥಾವರ ಎದ್ದಿತು. ಹಾಗಿದ್ದೂ ಬಡವರ ಗುಡಿಸಲಿಗೆ ಒಂದೊಂದು ಬಲ್ಬು ಕೊಡುವ ಭಾಗ್ಯಜ್ಯೋತಿ ಯೋಜನೆ ಬರಲು 1979-80ರವರೆಗೆ ಕಾಯಬೇಕಾಯಿತು. ಶಿವನಸಮುದ್ರದ ಮೊದಲ ಯಂತ್ರ ತಿರುಗಿ ಮುಕ್ಕಾಲು ಶತಮಾನ ಕಳೆದಿತ್ತು.

ಈ ನಡುಗಾಲದ ರಾಜ ಎಂದರೆ ಪೆಟ್ರೋಮ್ಯಾಕ್ಸ್. ನಮ್ಮ ಕಡೆ ಅದನ್ನು ಗ್ಯಾಸ್‌ಲೈಟು ಎನ್ನುತ್ತಿದ್ದರು. ಉರಿಯುವುದು ಸೀಮೆಎಣ್ಣೆಯೇ. ಪಂಪು ಹೊಡೆದಾಗ ಎಣ್ಣೆ ಮೇಲೇರಿ, ಬಿಸಿ ಕೊಳವೆಯಲ್ಲಿ ಆವಿಯಾಗಿ, ಮ್ಯಾಂಟಲ್ಲಿನೊಳಗೆ ಉರಿಯುತ್ತದೆ. ಥೋರಿಯಂ ಮತ್ತು ಸೀರಿಯಂ ಲವಣದಲ್ಲಿ ಅದ್ದಿದ ಬಟ್ಟೆಯ ಆ ಬಲೆ ಬೆಳ್ಳಗೆ ಹೊಳೆಯುತ್ತದೆ. ಅದನ್ನು ಕಂಡುಹಿಡಿದವರು ಆಸ್ಟ್ರಿಯಾದ ಆವರ್ ವಾನ್ ವೆಲ್ಸ್‌ಬಾಖ್. ದೀಪ ತಯಾರಾದದ್ದು ಜರ್ಮನಿಯ ಗ್ರೆಟ್ಸ್ ಕಾರ್ಖಾನೆಯಲ್ಲಿ. ಆದರೆ ಹಳ್ಳಿಗಳಲ್ಲಿ ಅದನ್ನು ಉರಿಸಿದವರು ಬಾಡಿಗೆ ಗ್ಯಾಸ್‌ಲೈಟಿನವರು. ನಮಗೆ ಗೊತ್ತಿದ್ದ ಹಲವರು ಸಾಬರು. ಗೌಡರ ಮನೆಯ ದಿಬ್ಬಣ, ಹಬ್ಬದ ನಾಟಕ, ದರ್ಗಾದ ಸಂದಲ್ ಮೆರವಣಿಗೆ ಎಲ್ಲಕ್ಕೂ ಅದೇ ದೀಪ, ಅದೇ ಮನುಷ್ಯ. ನಾಟಕದ ರಂಗದ ಮೇಲೆ ರಾಜನ ಮುಖ ಮಂಕಾದರೆ ಜನ ಕೂಗುತ್ತಿದ್ದದ್ದು ರಾಜನನ್ನಲ್ಲ: “ಸಾಬ್ರೇ, ಗಾಳಿ ಹೊಡೀರಿ!”

ಕಂಬದ ದೀಪ ಬಂದ ಮೇಲೆ ಸಾಬರ ಗ್ಯಾಸ್‌ಲೈಟು ಅಟ್ಟ ಸೇರಿತು. ಆಮೇಲೆ ಕಂಬದ ದೀಪಗಳೂ ಒಂದರ ಹಿಂದೊಂದು ಅದೇ ದಾರಿ ಹಿಡಿದವು. ಎನಾಮಲ್ ಟೋಪಿಯ ಬಲ್ಬು ಹೋಗಿ ಟ್ಯೂಬ್‌ಲೈಟು ಬಂತು, ಪಾದರಸದ ನೀಲಿ ಬೆಳಕು ಬಂತು, ಸೋಡಿಯಂನ ಕಿತ್ತಳೆ ಬೆಳಕು ಬಂತು. 2015ರಲ್ಲಿ ಕೇಂದ್ರದ ಬೀದಿದೀಪ ಕಾರ್ಯಕ್ರಮ ಆರಂಭವಾದ ಮೇಲೆ ದೇಶದುದ್ದಕ್ಕೂ ಎಲ್ಇಡಿ ಹಬ್ಬಿತು. ಕರೆಂಟು ಉಳಿಯುತ್ತದೆ, ಬೆಳಕೂ ಚೆನ್ನಾಗಿದೆ, ನಾವು ದೂರುತ್ತಿಲ್ಲ. ಆದರೆ ಪ್ರತಿ ಬದಲಾವಣೆಯಲ್ಲೂ ಹಳೆಯದು ಕೆಜಿ ಲೆಕ್ಕದಲ್ಲಿ ಗುಜರಿಗೆ ಹೋಗಿ, ಅಲ್ಲಿಂದ ಕುಲುಮೆ ಸೇರಿತು. ಒಂದನ್ನಾದರೂ ಎತ್ತಿಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ದುರಸ್ತಿಯಲ್ಲಿ ನಾವು ಮಾಡಿದ ಮೊದಲ ಕೆಲಸವೇ ತಪ್ಪು. ಸಿಕ್ಕಿದ ಮೊದಲ ಟೋಪಿಯನ್ನು ಉಪ್ಪುಕಾಗದದಿಂದ ಚೆನ್ನಾಗಿ ಉಜ್ಜಿ, ಹೊಸ ಹಸಿರು ಪೇಂಟು ಹೊಡೆದು ಹಿಗ್ಗಿದೆವು. ನಮ್ಮ ಲೈನ್‌ಮ್ಯಾನ್ ಅಣ್ಣ ಅದನ್ನು ತಿರುಗಿಸಿ ನೋಡಿ, “ಇದರ ಮೇಲೆ ಬಿಳಿ ಅಕ್ಷರದಲ್ಲಿ ಕಂಬದ ನಂಬರಿತ್ತಲ್ಲಪ್ಪ, ಎಲ್ಲಿ?” ಎಂದರು. ಅದನ್ನೇ ನಾವು ಉಜ್ಜಿ ಹಾಕಿದ್ದೆವು. ಅದು ಯಾವ ಬೀದಿಯ ದೀಪ ಎಂದು ಹೇಳಬಲ್ಲ ಒಂದೇ ಸಾಕ್ಷಿ ಅಳಿಸಿಹೋಗಿತ್ತು. ಈಗ ಅದು ಬರೀ ಟೋಪಿ.

ಅಂದಿನಿಂದ ನಿಯಮ ಮಾಡಿಕೊಂಡೆವು. ಎನಾಮಲ್ ಎಂದರೆ ಪೇಂಟಲ್ಲ. ಕಬ್ಬಿಣದ ತಗಡಿನ ಮೇಲೆ ಭಾರೀ ಶಾಖದಲ್ಲಿ ಕರಗಿಸಿ ಕೂರಿಸಿದ ಗಾಜು. ಅದಕ್ಕೆ ಸೋಪಿನ ನೀರು, ಮೆತ್ತಗಿನ ಬಟ್ಟೆ ಸಾಕು. ಎದ್ದುಹೋದ ಕಡೆ ತುಕ್ಕನ್ನಷ್ಟೇ ತೆಗೆದು ಎಣ್ಣೆ ಸವರಬೇಕು. ಗ್ಯಾಸ್‌ಲೈಟಿನ ಹಿತ್ತಾಳೆಗೆ ಅಡುಗೆಮನೆಯ ಹುಣಸೆಹಣ್ಣೇ ಮದ್ದು. ಅದರ ಹಳೆ ಮ್ಯಾಂಟಲ್ ಪುಡಿಯನ್ನು ಊದಬಾರದು, ಥೋರಿಯಂ ವಿಕಿರಣ ಸೂಸುವ ವಸ್ತು. ಪಾದರಸದ ಬಲ್ಬನ್ನು ಒಡೆಯಬಾರದು. ಬಟ್ಟೆ ಸುತ್ತಿದ ಹಳೆ ವೈರನ್ನು ನೆನಪಿಗೆ ಇಟ್ಟುಕೊಳ್ಳಬಹುದು, ಅದರಲ್ಲಿ ಕರೆಂಟು ಹರಿಸಬಾರದು. ಎಲ್ಲಕ್ಕಿಂತ ಮುಖ್ಯ, ಪ್ರತಿ ದೀಪಕ್ಕೂ ಒಂದು ಚೀಟಿ: ಯಾವ ಊರು, ಯಾವ ಬೀದಿ, ಯಾರ ಕೈಯಿಂದ ಬಂತು. ಕಂಬವೂ ದೀಪವೂ ಸಾರ್ವಜನಿಕರ ಆಸ್ತಿ. ಹರಾಜಿನ ರಸೀದಿಯೋ ಗುಜರಿಯವರ ಚೀಟಿಯೋ ಇಲ್ಲದ್ದನ್ನು ನಾವು ಮುಟ್ಟುವುದಿಲ್ಲ.

ಈಗ ನಗರಗಳಲ್ಲಿ ಹಳೆ ಮಾದರಿಯ ಹೊಸ ಕಂಬಗಳಿಗೆ ಬೇಡಿಕೆ ಇದೆ. ಬಳ್ಳಿ, ಬುಗ್ಗೆ, ಕಪ್ಪು ಬಣ್ಣ. ಹೋಟೆಲು, ರೆಸಾರ್ಟುಗಳ ಮುಂದೆ ನಿಲ್ಲಿಸುತ್ತಾರೆ. ಚೆಂದವೇನೋ ಇದೆ. ಆದರೆ ಅವಕ್ಕೆ ನೆನಪಿಲ್ಲ. ಅರಮನೆಯ ದೀಪವನ್ನು ಕಾಯಲು ಜನರಿದ್ದಾರೆ, ಸರ್ಕಾರವಿದೆ. ಹಳ್ಳಿಯ ಬೀದಿಯ ಟೋಪಿಗೆ ಯಾರಿದ್ದಾರೆ? ಅದರ ಕೆಳಗೆ ಓದಿ ಪರೀಕ್ಷೆ ಪಾಸಾದ ಮಕ್ಕಳು, ಪಗಡೆ ಆಡಿದ ಮುದುಕರು, ಇಶಾ ನಮಾಜು ಮುಗಿಸಿ ಬಂದವರು, ಭಜನೆ ಮುಗಿಸಿ ಬಂದವರು ಒಂದೇ ಕಲ್ಲಿನ ಮೇಲೆ ಕೂತು ಬೀಡಿ ಹಚ್ಚಿದ್ದು, ಇವು ಯಾವ ದಫ್ತರದಲ್ಲೂ ಇಲ್ಲ. ಒಟ್ಟಿಗೆ ಕೂರುವ ಇಂಥ ಕಲ್ಲುಗಳು ಕಡಿಮೆಯಾಗುತ್ತಿರುವ ದಿನಗಳಲ್ಲಿ ಅವನ್ನು ಬರೆದಿಡುವುದು ಬರೀ ಹವ್ಯಾಸವಲ್ಲ ಎನಿಸುತ್ತದೆ.

ನಮ್ಮಲ್ಲಿರುವ ಟೋಪಿಗಳಲ್ಲಿ ಒಂದು, ನಂಬರು ಅಳಿಯದ್ದು, ಈಗ ದುದ್ದದಲ್ಲಿ ಮನೆಯ ಜಗಲಿಯ ಮೇಲೆ ತೂಗುತ್ತಿದೆ. ಹೊಸ ವೈರು, ಸಣ್ಣ ಬಲ್ಬು. ಮೊದಲ ಸಂಜೆ ಹತ್ತಿಸಿದಾಗ ದಾರಿಯಲ್ಲಿ ಹೋಗುತ್ತಿದ್ದ ಅಜ್ಜಿಯೊಬ್ಬರು ನಿಂತರು. ಸ್ವಲ್ಪ ಹೊತ್ತು ನೋಡಿ, “ಇದು ನಮ್ಮ ಬಾವಿಕಟ್ಟೆ ದೀಪ ಕಣಪ್ಪ. ಇದರ ಬೆಳಕಲ್ಲೇ ನೀರು ಸೇದ್ತಿದ್ದೋ” ಎಂದರು. ಮೇಷ್ಟ್ರು ಒಳಗೆ ಹೋಗಿ ಚೀಟಿ ತಂದರು. ‘ಯಾವ ಬೀದಿ’ ಎಂಬಲ್ಲಿ ಖಾಲಿ ಬಿಟ್ಟಿದ್ದ ಜಾಗದಲ್ಲಿ ‘ಬಾವಿಕಟ್ಟೆ’ ಎಂದು ಬರೆದೆವು.