ಚೀನಾ ನೂಲು, ನಮ್ಮ ಗೂಡು: ಒಂದು ಪೈಪೋಟಿಯ ಚರಿತ್ರೆ

ನಮ್ಮ ರೇಷ್ಮೆ ಬೆಳೆಗಾರರ ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ಸಂದರ್ಭದಲ್ಲಿ ಒಂದು ಚರಿತ್ರೆಯ ಲೇಖನ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ಸಂಘ ಹುಟ್ಟಿದ ಬಗೆಯನ್ನು ಬೇರೆಯವರು ಬರೆದಿದ್ದಾರೆ. ನಾವು ಬೇರೆ ಒಂದು ವಿಷಯ ಎತ್ತಿಕೊಂಡಿದ್ದೇವೆ. ಗೂಡಿನ ಮಾರುಕಟ್ಟೆಗೆ ಹೋಗಿ ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಬಂದವರನ್ನು "ಏನಾಯ್ತಣ್ಣ ರೇಟು?" ಅಂತ ಕೇಳಿದರೆ, ಎಷ್ಟೋ ಸಲ ಸಿಕ್ಕಿದ ಉತ್ತರ ಒಂದೇ: "ಚೀನಾ ರೇಷ್ಮೆ ಬಂತಂತೆ, ಬಿದ್ದೋಯ್ತು." ನಮ್ಮೂರಲ್ಲಿ ಚೀನಾ ದೇಶ ನೋಡಿ ಬಂದವರು ಯಾರೂ ಇಲ್ಲ. ಆದರೂ ಮಳೆ, ಊಜಿ ನೊಣ, ಚೀನಾ ಈ ಮೂರನ್ನೂ ಶಪಿಸದ ರೇಷ್ಮೆ ಬೆಳೆಗಾರ ಸಿಕ್ಕುವುದಿಲ್ಲ. ಈ ಚೀನಾ ನಮ್ಮ ಮನೆಯ ತಟ್ಟೆಗಳ ಹತ್ತಿರಕ್ಕೆ ಬಂದದ್ದು ಹೇಗೆ?

ಮೈಸೂರು ಸೀಮೆಯಲ್ಲಿ ರೇಷ್ಮೆ ನೆಲೆಯೂರಿದ್ದು 1780ರ ದಶಕದಲ್ಲಿ, ಟಿಪ್ಪು ಸುಲ್ತಾನ್ ಬಂಗಾಳದಿಂದ ಹುಳು ತರಿಸಿ ಸಾಕಿಸಿದ ಮೇಲೆ. ಇದು ಎಲ್ಲರಿಗೂ ಗೊತ್ತಿರುವ ಕಥೆ. ನೂರು ವರ್ಷ ಕಳೆದು ಜೆಮ್‌ಷೆಡ್‌ಜಿ ಟಾಟಾ ಅವರು ಜಪಾನಿನ ತಜ್ಞರನ್ನು ಕರೆಸಿ ಬೆಂಗಳೂರಿನ ಬಸವನಗುಡಿಯ ಹತ್ತಿರ ರೇಷ್ಮೆ ತೋಟ ಮಾಡಿಸಿದರು. ಟಾಟಾ ಸಿಲ್ಕ್ ಫಾರಂ ಅನ್ನುವ ಹೆಸರು ಅಲ್ಲಿ ಇಂದಿಗೂ ಉಳಿದಿದೆ. 1912ರಲ್ಲಿ ಮೈಸೂರಿನಲ್ಲಿ ಮಹಾರಾಜರ ಸರ್ಕಾರ ಸ್ವಿಟ್ಜರ್ಲೆಂಡಿನ ಮಗ್ಗಗಳನ್ನು ತರಿಸಿ ನೇಯ್ಗೆ ಕಾರ್ಖಾನೆ ತೆರೆಯಿತು. ಅಂದರೆ ಪಕ್ಕದವನು ಹೇಗೆ ಮಾಡುತ್ತಾನೆ ಎಂದು ನೋಡಿ ಕಲಿಯುವ ಬುದ್ಧಿ ನಮ್ಮವರಿಗೆ ಆಗಲೂ ಇತ್ತು.

ಮೊದಲ ದೊಡ್ಡ ಏಟು ಬಿದ್ದದ್ದು 1929ರ ನಂತರ. ಲೋಕವೆಲ್ಲಾ ಆರ್ಥಿಕ ಕುಸಿತದಲ್ಲಿ ಮುಳುಗಿತು. ಅಮೆರಿಕದಲ್ಲಿ ರೇಷ್ಮೆ ಕೊಳ್ಳುವವರು ಕಮ್ಮಿಯಾದರು. ಅಲ್ಲಿ ಖರ್ಚಾಗದ ಜಪಾನು, ಚೀನಾಗಳ ನೂಲು ಅಗ್ಗದಲ್ಲಿ ಹಿಂದೂಸ್ಥಾನದ ಬಂದರುಗಳಿಗೆ ಬಂದು ಇಳಿಯಿತು. ಮೈಸೂರು ಸಂಸ್ಥಾನದಲ್ಲೂ, ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಕೊಳ್ಳೇಗಾಲದಲ್ಲೂ ಹಿಪ್ಪುನೇರಳೆ ಕಿತ್ತು ರಾಗಿ ಬಿತ್ತಿದವರು ಇದ್ದರು. ದೂರು ಹೆಚ್ಚಾಗಿ 1933ರಲ್ಲಿ ಸುಂಕ ಮಂಡಳಿ ವಿಚಾರಣೆ ನಡೆಸಿತು. ಮರುವರ್ಷ ಹೊರಗಿನ ರೇಷ್ಮೆಗೆ ರಕ್ಷಣಾ ಸುಂಕ ಬಿತ್ತು. ಎರಡನೇ ಮಹಾಯುದ್ಧ ಬಂದು ಜಪಾನಿನ ದಾರಿ ಮುಚ್ಚಿದಾಗ ಪ್ಯಾರಾಚೂಟ್ ಬಟ್ಟೆಗೆ ನಮ್ಮ ನೂಲೇ ಬೇಕಾಯಿತು, ಬೆಲೆ ಏರಿತು. ಯುದ್ಧ ಮುಗಿಯಿತು, ಬೆಲೆ ಇಳಿಯಿತು. ಈ ಏರಿಳಿತ ನೋಡಿಯೇ ಸ್ವತಂತ್ರ ಭಾರತ 1949ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಸ್ಥಾಪಿಸಿತು.

ಅದೇ 1949ರಲ್ಲಿ ಚೀನಾದಲ್ಲಿ ಹೊಸ ಸರ್ಕಾರ ಬಂತು. ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಹೊತ್ತಿಗೆ ಎರಡು ದೇಶಗಳ ಸ್ಥಿತಿ ನಾವು ಅಂದುಕೊಂಡಷ್ಟು ಬೇರೆ ಇರಲಿಲ್ಲ. ರೇಷ್ಮೆಯ ತವರು ಅನ್ನಿಸಿಕೊಂಡ ಚೀನಾದಲ್ಲಿ ಜಪಾನಿನ ದಾಳಿ, ಒಳಜಗಳ ಎರಡೂ ಸೇರಿ ಹಿಪ್ಪುನೇರಳೆ ತೋಟಗಳು ಹಾಳಾಗಿದ್ದವು, ನೂಲು ಬಿಚ್ಚುವ ಕಾರ್ಖಾನೆಗಳು ನಿಂತಿದ್ದವು. ಎರಡೂ ಬಡ ದೇಶಗಳು, ಎರಡಕ್ಕೂ ವಿದೇಶಿ ಹಣ ಬೇಕು, ಎರಡರಲ್ಲೂ ಕೆಲಸ ಕೇಳುವ ಕೈಗಳು ಕೋಟಿಗಟ್ಟಲೆ. ಆದರೆ ಹಿಡಿದ ದಾರಿ ಬೇರೆಯಾಯಿತು.

ಚೀನಾ ತನ್ನ ರೇಷ್ಮೆಯನ್ನು ಹೊರದೇಶಕ್ಕೆ ಮಾರಲೆಂದೇ ಕಟ್ಟಿತು. ಮೊಟ್ಟೆ ಸರ್ಕಾರದ್ದು, ಗೂಡು ಕೊಳ್ಳುವುದು ಸರ್ಕಾರ, ನೂಲು ಬಿಚ್ಚುವುದು ಸರ್ಕಾರದ ದೊಡ್ಡ ಕಾರ್ಖಾನೆ, ಮಾರುವುದೂ ಸರ್ಕಾರದ ಕಂಪನಿ. ಬೆಳೆಗಾರನಿಗೆ ಬಾಯಿ ಇರಲಿಲ್ಲ, ಅದನ್ನು ಮರೆಯಬಾರದು. ಆದರೆ ಒಂದು ಕಾರ್ಖಾನೆಗೆ ಬಂದ ಗೂಡೆಲ್ಲ ಒಂದೇ ತಳಿ, ಒಂದೇ ಅಳತೆ. ನೂಲೂ ಒಂದೇ ಸಮ. ಅತ್ತ ಜಪಾನಿನಲ್ಲಿ ಕೂಲಿ ಏರಿ, ರೈತರ ಮಕ್ಕಳು ಕಾರ್ಖಾನೆ ಸೇರಿ ಹುಳು ಸಾಕುವವರೇ ಕಮ್ಮಿಯಾದರು. 1970ರ ದಶಕದಲ್ಲಿ ಚೀನಾ ಜಪಾನನ್ನು ಹಿಂದೆ ಹಾಕಿ ಲೋಕಕ್ಕೇ ಮೊದಲನೆಯದಾಯಿತು.

ನಾವು? ನಮ್ಮ ರೇಷ್ಮೆ ಹೊರಗೆ ಹೋಗಲು ಹುಟ್ಟಿದ್ದಲ್ಲ. ಅದು ನಮ್ಮ ಹೆಣ್ಣುಮಕ್ಕಳ ಮದುವೆ ಸೀರೆಗೆ ಹುಟ್ಟಿದ್ದು. ಧಾರೆ ಸೀರೆ ಉಡುವ ಮನೆ ಇರುವ ತನಕ ಕೊಳ್ಳುವವರು ಇದ್ದೇ ಇರುತ್ತಾರೆ ಎನ್ನುವ ಧೈರ್ಯ ನಮಗಿತ್ತು. ಅದೇ ಧೈರ್ಯ ನಮ್ಮನ್ನು ಕೊಂಚ ಮೈಮರೆಸಿತು ಎಂದೂ ಹೇಳಬೇಕು. ಹೊರಗಿನ ನೂಲಿಗೆ ನಿರ್ಬಂಧ ಇದ್ದ ಕಾಲದಲ್ಲಿ ಹೇಗೆ ಬಿಚ್ಚಿದರೂ ನಡೆಯುತ್ತಿತ್ತು. ಮೈಸೂರು ತಳಿಯ ಹಳದಿ ಗೂಡಿನಿಂದ ಒಂದು ಕೆ.ಜಿ. ನೂಲು ತೆಗೆಯಲು ಹತ್ತು ಕೆ.ಜಿ.ಗೂ ಮೇಲ್ಪಟ್ಟು ಗೂಡು ಬೇಕು, ಮಿಶ್ರತಳಿಗೆ ಏಳೆಂಟು, ದ್ವಿತಳಿಯ ಬಿಳಿ ಗೂಡಿಗೆ ಆರರ ಆಸುಪಾಸು. ಮೈಸೂರು ತಳಿಯ ಗೂಡಿನ ಎಳೆ 350 ಮೀಟರಿನಷ್ಟಾದರೆ ಒಳ್ಳೆ ದ್ವಿತಳಿ ಗೂಡಿನದು ಸಾವಿರ ಮೀಟರಿನ ಹತ್ತಿರ. ಈ ಲೆಕ್ಕ ಇಲಾಖೆಯವರು ಎಷ್ಟು ಸಲ ಹೇಳಿದರೂ, "ದ್ವಿತಳಿ ನಮ್ಮ ಸೆಕೆಗೆ ತಡೆಯಲ್ಲ ಸ್ವಾಮಿ, ಸಪ್ಪೆ ರೋಗ ಬಂದ್ರೆ ಪೂರಾ ತಿಪ್ಪೆಗೆ" ಅಂದವರು ನಾವೇ. ಆ ಮಾತು ಸುಳ್ಳೂ ಅಲ್ಲ. 1980ರಲ್ಲಿ ಬಂಗಾಳದ ಕಡೆಯಿಂದ ಊಜಿ ನೊಣ ಬಂದು ಅಮರಿಕೊಂಡ ಮೇಲೆ ಇದ್ದದ್ದನ್ನು ಉಳಿಸಿಕೊಳ್ಳುವುದೇ ಕಷ್ಟವಾಗಿತ್ತು.

ಈಗ ನೇಕಾರರ ಕಡೆಯಿಂದ ನೋಡೋಣ, ನಮ್ಮ ಸಭೆಗಳಲ್ಲಿ ಈ ಕಡೆಯ ಮಾತು ಬರುವುದೇ ಇಲ್ಲ. ಮಗ್ಗಕ್ಕೆ ಹಾಸು ಬೇರೆ, ಹೊಕ್ಕು ಬೇರೆ. ಹಾಸಿನ ನೂಲನ್ನು ಬಿಗಿಯಾಗಿ ಎಳೆದು ಕಟ್ಟುತ್ತಾರೆ. ವಿದ್ಯುತ್ ಮಗ್ಗದಲ್ಲಿ ಅದು ನಿಮಿಷಕ್ಕೆ ನೂರಾರು ಸಲ ಪೆಟ್ಟು ತಿನ್ನುತ್ತದೆ. ಚರಕದಲ್ಲಿ ಬಿಚ್ಚಿದ ನೂಲು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಹಾಸಿಗೆ ಹಾಕಿದರೆ ಪಟಪಟನೆ ಕಡಿಯುತ್ತದೆ. ಕಡಿದಾಗಲೆಲ್ಲ ಮಗ್ಗ ನಿಲ್ಲಿಸಬೇಕು, ಗಂಟು ಹಾಕಬೇಕು, ದಿನದ ಕೂಲಿ ಹೋಗುತ್ತದೆ. ಆದ್ದರಿಂದ ಬನಾರಸಿನವರೂ ಇತರ ಕಡೆಯವರೂ ಹಾಸಿಗೆ ಚೀನಾ ನೂಲು, ಹೊಕ್ಕಿಗೆ ನಮ್ಮ ನೂಲು ಎಂದು ಗೊತ್ತು ಮಾಡಿಕೊಂಡರು. ನಮ್ಮ ಮನೆಯ ಮದುವೆಗೆ ಕೊಂಡ ಸೀರೆಯಲ್ಲೇ ಉದ್ದಕ್ಕೆ ಚೀನಾ, ಅಡ್ಡಕ್ಕೆ ನಾವು ಇದ್ದಿರಬಹುದು! ಸುಂಕ ಹಾಕಿ ಎಂದು ನಾವು ಕೂಗಿದರೆ ಸುಂಕ ಇಳಿಸಿ ಎಂದು ನೇಕಾರರು ಕೂಗುತ್ತಾರೆ. ಇಬ್ಬರೂ ಬಡವರೇ, ಇಬ್ಬರೂ ಹೇಳುವುದು ಹೊಟ್ಟೆಪಾಡೇ. ದಿಲ್ಲಿಯಲ್ಲಿ ಕೂತವರು ಒಂದು ವರ್ಷ ಇವರ ಮಾತು ಕೇಳಿದರೆ ಇನ್ನೊಂದು ವರ್ಷ ಅವರ ಮಾತು ಕೇಳಿದ್ದಾರೆ.

ಚೀನಾದಲ್ಲಿ ಆಮೇಲೆ ನಡೆದದ್ದು ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ. ಅಲ್ಲಿ ಸುಧಾರಣೆಗಳು ಶುರುವಾದ ಮೇಲೆ ತಾಲ್ಲೂಕಿಗೊಂದು ಎಂಬಂತೆ ನೂಲು ಕಾರ್ಖಾನೆಗಳು ಎದ್ದವು. ಗೂಡು ಸಾಲಲಿಲ್ಲ. 1987–88ರಲ್ಲಿ ಅಲ್ಲಿಯವರೇ 'ಗೂಡಿನ ಯುದ್ಧ' ಎಂದು ಕರೆದ ಗಲಾಟೆ ನಡೆಯಿತು. ಒಂದು ಜಿಲ್ಲೆಯ ಗೂಡು ಇನ್ನೊಂದಕ್ಕೆ ಹೋಗದಂತೆ ರಸ್ತೆಗೆ ಅಡ್ಡ ನಿಂತು ಕಾದರು. ಬೆಲೆ ಗಗನಕ್ಕೇರಿತು, ಹಸಿ ಗೂಡು, ಕೆಟ್ಟ ಗೂಡು ಎಲ್ಲವೂ ಬಿಕರಿಯಾಯಿತು. ಓದಿದಾಗ ನಮಗೆ ನಗು ಬಂತು, ಇದು ನಮ್ಮ ಸಂತೆಯ ಕಥೆಯೇ ಅಲ್ಲವೇ ಅನ್ನಿಸಿತು. ಬೆಲೆ ನೋಡಿ ಎಲ್ಲರೂ ಹಿಪ್ಪುನೇರಳೆ ನೆಟ್ಟರು. 1990ರ ದಶಕದ ಆರಂಭದಲ್ಲಿ ಚೀನಾದ ಅಗ್ಗದ ರೇಷ್ಮೆ ಅಂಗಿ ಅಮೆರಿಕದ ಅಂಗಡಿಗಳಲ್ಲಿ ರಾಶಿ ಬಿತ್ತು. ರಾಶಿ ಬಿದ್ದದ್ದಕ್ಕೆ ಬೆಲೆ ಎಲ್ಲಿ? 1995–96ರ ಹೊತ್ತಿಗೆ ಮಾರುಕಟ್ಟೆ ಕುಸಿದು ಅಲ್ಲಿಯ ರೈತರೂ ಗಿಡ ಕಿತ್ತರು. ನಮ್ಮ ಬೆಲೆ ಬೀಳಿಸಿದವನೆಂದು ನಾವು ಬೈಯುತ್ತಿದ್ದ ಚೀನಾದ ಬೆಳೆಗಾರ ಆ ವರ್ಷಗಳಲ್ಲಿ ನಮ್ಮ ಹಾಗೆಯೇ ತೋಟದ ಬದುವಿನ ಮೇಲೆ ತಲೆಗೆ ಕೈಕೊಟ್ಟು ಕೂತಿದ್ದ.

ಇತ್ತ 1991ರ ನಂತರ ನಮ್ಮ ದೇಶದಲ್ಲಿ ಆಮದಿನ ಬಾಗಿಲು ಸ್ವಲ್ಪ ಸ್ವಲ್ಪವಾಗಿ ತೆರೆಯಿತು. ಮೊದಲು ರಫ್ತು ಮಾಡುವವರಿಗೆ ಅಂತ ಸುಂಕವಿಲ್ಲದೆ ಬಿಟ್ಟ ನೂಲು ಒಳ ಮಾರುಕಟ್ಟೆಗೆ ಸೋರುತ್ತಿದೆ ಎಂಬ ದೂರಿತ್ತು. ಆಮೇಲೆ ನೇರವಾಗಿಯೇ ಬಂತು. ನಮ್ಮ ಸಂಘ ಹುಟ್ಟಿದ್ದು ಇದೇ ಕಾಲದಲ್ಲಿ. 2003–04ರ ಸುಮಾರಿಗೆ ವರ್ಷಕ್ಕೆ 9 ಸಾವಿರ ಟನ್ ಆಸುಪಾಸು ಕಚ್ಚಾ ರೇಷ್ಮೆ ಹೊರಗಿನಿಂದ ಬರುತ್ತಿತ್ತು. ಆಗ ಇಡೀ ದೇಶ ಎಲ್ಲ ಬಗೆಯ ರೇಷ್ಮೆ ಸೇರಿಸಿ ಬೆಳೆಯುತ್ತಿದ್ದದ್ದು 15–16 ಸಾವಿರ ಟನ್. ಅದಕ್ಕೆ ಸ್ವಲ್ಪ ಮುಂಚೆ, 2003ರಲ್ಲಿ, ಚೀನಾದ ಕಡಿಮೆ ದರ್ಜೆಯ ನೂಲಿಗೆ ಸುರಿ ವಿರೋಧಿ ಸುಂಕ ಬಿದ್ದಿತ್ತು. ಪತ್ರಿಕೆಯವರು 'ಆಂಟಿ ಡಂಪಿಂಗ್' ಅಂದದ್ದು ಇದನ್ನೇ. ಗೊತ್ತು ಮಾಡಿದ ಬೆಲೆಗಿಂತ ಅಗ್ಗಕ್ಕೆ ಇಳಿದರೆ ಉಳಿದ ವ್ಯತ್ಯಾಸವನ್ನು ಸುಂಕವಾಗಿ ಕಟ್ಟಬೇಕು. ನೂಲಿನ ಬಾಗಿಲು ಬಿಗಿಯಾಯಿತು ನೋಡಿ, ಬಟ್ಟೆಯ ಕಿಟಕಿಯಲ್ಲಿ ಬಂತು. 2006ರಲ್ಲಿ ಚೀನಾದ ರೇಷ್ಮೆ ಬಟ್ಟೆಗೂ ಇಂಥದೇ ಸುಂಕ ಹಾಕಬೇಕಾಯಿತು.

2011ರ ಬಜೆಟ್ಟನ್ನು ನಮ್ಮ ಸದಸ್ಯರು ಯಾರೂ ಮರೆತಿಲ್ಲ. ಕಚ್ಚಾ ರೇಷ್ಮೆಯ ಮೇಲಿದ್ದ ಶೇಕಡಾ 30ರ ಆಮದು ಸುಂಕವನ್ನು ಒಮ್ಮೆಗೇ ಶೇಕಡಾ 5ಕ್ಕೆ ಇಳಿಸಿದರು. ನೇಕಾರರಿಗೆ ಹಬ್ಬ, ನಮಗೆ ಸೂತಕ. ಗೂಡಿನ ಬೆಲೆ ನೆಲಕಚ್ಚಿತು, ರಾಮನಗರ, ಶಿಡ್ಲಘಟ್ಟದ ಕಡೆ ರೈತರು ರಸ್ತೆಗಿಳಿದರು. ಹಣ್ಣಾದ ಹುಳು ಚಂದ್ರಿಕೆಗೆ ಬಿಡಲು ಮನಸ್ಸಿಲ್ಲದೆ ನಿಂತ ಮನೆಗಳು ನಮಗೆ ಗೊತ್ತು. 2013ರಲ್ಲಿ ಸುಂಕ ಶೇಕಡಾ 15 ಆಯಿತು, ಆಮೇಲೆ 10ಕ್ಕೆ ಇಳಿಯಿತು, 2021ರಲ್ಲಿ ಮತ್ತೆ 15. ನೂಲಿನ ಮೇಲಿನ ಆಂಟಿ ಡಂಪಿಂಗ್ ಸುಂಕ ಈ ನಡುವೆ ಮುಗಿದುಹೋಯಿತು.

ಸುಂಕ ನಮ್ಮನ್ನು ಉಳಿಸಿತೇ? ಉಸಿರಾಡಲು ಬಿಡುವು ಕೊಟ್ಟಿತು, ಅಷ್ಟು ನಿಜ. ಆ ಬಿಡುವಿನಲ್ಲಿ ನಡೆದ ಕೆಲಸದಿಂದ ಉಳಿದೆವು ಎನ್ನುವುದು ನಮ್ಮ ಅಭಿಪ್ರಾಯ. ಜಪಾನಿನ ನೆರವಿನಿಂದ 1990ರ ದಶಕದಲ್ಲಿ ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ಸಿಎಸ್‌ಆರ್ ದ್ವಿತಳಿಗಳು ತಯಾರಾದವು. ವಿ-1 ಸೊಪ್ಪು ಬಂತು. ಚಾಕಿ ಕೇಂದ್ರದಿಂದ ಎರಡನೇ ಜ್ವರದ ಹುಳು ತರುವುದು, ಬೇರೆ ಹುಳು ಮನೆ ಕಟ್ಟುವುದು, ರೆಂಬೆ ಪದ್ಧತಿ, ಹನಿ ನೀರಾವರಿ ಇವೆಲ್ಲ ಒಂದೊಂದಾಗಿ ಬಂದವು. 2010ರ ಸುಮಾರಿಗೆ ಸಾವಿರದ ಚಿಲ್ಲರೆ ಟನ್ ಇದ್ದ ದೇಶದ ದ್ವಿತಳಿ ರೇಷ್ಮೆ 2022–23ರಲ್ಲಿ ಸುಮಾರು 8,900 ಟನ್ ಆಯಿತು. "ತಡೆಯಲ್ಲ ಸ್ವಾಮಿ" ಅಂದವರ ಮನೆಯಲ್ಲೇ ಈಗ ಬಿಳಿ ಗೂಡು. ಆಮದು 2020–21ರಲ್ಲಿ ಎರಡು ಸಾವಿರ ಟನ್ನಿಗಿಂತ ಕೆಳಗೆ ಬಂತು.

ಇನ್ನೊಂದು ಕಾರಣವನ್ನು ಮುಚ್ಚಿಡಬಾರದು. ಚೀನಾವೇ ಹಿಂದಕ್ಕೆ ಸರಿಯಿತು. ಮೊದಲು ರೇಷ್ಮೆ ಬೆಳೆಯುತ್ತಿದ್ದ ಜೆಜಿಯಾಂಗ್, ಜಿಯಾಂಗ್ಸು ಪ್ರಾಂತಗಳು ಕಾರ್ಖಾನೆಗಳ ಸೀಮೆಯಾದವು. 2006ರಿಂದ ಅಲ್ಲಿಯ ಸರ್ಕಾರ ಹಿಪ್ಪುನೇರಳೆಯನ್ನು ಪೂರ್ವದಿಂದ ಪಶ್ಚಿಮಕ್ಕೆ ಸಾಗಿಸುವ ಯೋಜನೆ ಹಾಕಿತು. ಕಬ್ಬು ಬೆಳೆಯುವ, ನಮ್ಮ ಹಾಗೇ ಸೆಕೆಯ ಗುವಾಂಗ್ಷಿ ಪ್ರಾಂತ ಗೂಡಿಗೆ ಮೊದಲನೆಯದಾಯಿತು. ಆದರೂ ಅಂತಾರಾಷ್ಟ್ರೀಯ ರೇಷ್ಮೆ ಆಯೋಗದ ಅಂಕಿಗಳಂತೆ 2015ರಲ್ಲಿ 1,70,000 ಟನ್ ಇದ್ದ ಚೀನಾದ ಕಚ್ಚಾ ರೇಷ್ಮೆ 2022ರಲ್ಲಿ 50,000 ಟನ್ನಿಗೆ ಇಳಿಯಿತು. ನಮ್ಮದು ಎಲ್ಲ ಬಗೆಯೂ ಸೇರಿ 36,500 ಟನ್ ದಾಟಿತು. ಅಂದಹಾಗೆ ಆ ಆಯೋಗದ ಕಚೇರಿ ಫ್ರಾನ್ಸಿನ ಲಿಯೋನ್ ಬಿಟ್ಟು 2013ರಲ್ಲಿ ನಮ್ಮ ಬೆಂಗಳೂರಿಗೆ ಬಂದಿದೆ.

ಜಪಾನಿನಲ್ಲಿ ಆದದ್ದು ಚೀನಾದಲ್ಲಿ ಆಯಿತು. ಹುಳು ರಾತ್ರಿಯೂ ಸೊಪ್ಪು ಕೇಳುತ್ತದೆ, ಕಾರ್ಖಾನೆ ಸಂಜೆಗೆ ಬಿಡುತ್ತದೆ. ನಮ್ಮ ಮಕ್ಕಳೂ ಬೆಳಿಗ್ಗೆ ಕಾರ್ಖಾನೆ ಬಸ್ಸು ಹತ್ತುತ್ತಿದ್ದಾರೆ. ಸೊಪ್ಪು ಕೊಯ್ಯುವ ಕೂಲಿಗೆ ಜನ ಹುಡುಕುವುದು ಎಲ್ಲ ಸದಸ್ಯರ ಮನೆಯ ಪಾಡು.

ಕಳೆದ ಸಲ ಗೂಡು ಹಾಕಲು ಹೋದಾಗ ಪರಿಚಯದ ರೀಲರ್ ಒಬ್ಬರು ತಮ್ಮ ಸ್ವಯಂಚಾಲಿತ ಯಂತ್ರ ತೋರಿಸಿದರು. ಸರ್ಕಾರದ ಸಹಾಯಧನದಲ್ಲಿ ಹಾಕಿದ್ದು, ದ್ವಿತಳಿ ಗೂಡೇ ಬೇಕು, ಒಳ್ಳೆ ದರ್ಜೆಯ ನೂಲು ಬರುತ್ತದೆ, ಹಾಸಿಗೂ ನಡೆಯುತ್ತದೆ. ಯಂತ್ರ ಚೀನಾದ್ದು. ಗುಂಡಿಗಳ ಮೇಲೆ ಚೀನಾ ಅಕ್ಷರ ಇದ್ದವು, ಅದರ ಪಕ್ಕದಲ್ಲಿ ಕೆಲಸದ ಹುಡುಗರು ಬಿಳಿ ಬಣ್ಣದಲ್ಲಿ ಕನ್ನಡದಲ್ಲಿ ಬರೆದುಕೊಂಡಿದ್ದರು: "ನಿಲ್ಸು", "ಬಿಡು", "ಬಿಸಿನೀರು". ನಾವು ಹಾಕಿದ ಗೂಡು ಅಂದು ಮಧ್ಯಾಹ್ನ ಅದೇ ಯಂತ್ರಕ್ಕೆ ಹೋಯಿತು.