ಕಿಚ್ಚು, ಬೂದಿ ಮತ್ತು ಚರಿತ್ರೆ

ಸುತ್ತೂರೆಂದೊಡನೆ ನಮಗೆ ನೆನಪಾಗುವುದು ಕಪಿಲೆಯ ದಡ ಮತ್ತು ಅಲ್ಲಿನ ಮಠ. ಅದೇ ಕಪಿಲೆ ಮುಂದೆ ಹರಿದು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದ ನೆಲದಲ್ಲಿ, ಮಠಗಳಿಗೂ ಶಾಸನಗಳಿಗೂ ಬಹು ಹಿಂದಿನ ಜನರ ಬದುಕು ಹುದುಗಿತ್ತು. 1960ರ ಆಸುಪಾಸಿನಲ್ಲಿ ಡಾ. ಎಂ. ಶೇಷಾದ್ರಿಯವರು ಅಲ್ಲಿ ಉತ್ಖನನ ನಡೆಸಿದಾಗ ನಯಗೊಳಿಸಿದ ಕಲ್ಲಿನ ಕೊಡಲಿಗಳೂ ಬೂದುಬಣ್ಣದ ಮಡಕೆಗಳೂ ಸಮಾಧಿಗಳೂ ಬೆಳಕಿಗೆ ಬಂದವು. ಅವು ನವಶಿಲಾಯುಗದವು.

ಆ ಯುಗದ ಜನ ಏನನ್ನು ಸಾಕಿದರು, ಏನನ್ನು ಉಂಡರು? ಇದಕ್ಕೆ ಹೆಚ್ಚಿನ ಸಾಕ್ಷ್ಯ ದೊರೆತದ್ದು ಬಳ್ಳಾರಿ, ರಾಯಚೂರು ಸೀಮೆಯ ಬೂದಿದಿಬ್ಬಗಳಲ್ಲಿ. ಹಂಪಿಯ ಬಳಿಯ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಚಿತಾಭಸ್ಮವೆಂದರು; ಕೆಲವು ವಿದ್ವಾಂಸರು ಇಂಥವನ್ನು ಲೋಹ ಕರಗಿಸಿದ ಕಿಟ್ಟವೆಂದರು. ಇದು ಸುಟ್ಟ ಸಗಣಿಯೆಂದು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಊಹಿಸಿದವರು ರಾಬರ್ಟ್ ಬ್ರೂಸ್ ಫೂಟ್. ರಾಯಚೂರಿಗೆ ಸಮೀಪದ, ಈಗ ತೆಲಂಗಾಣಕ್ಕೆ ಸೇರಿರುವ ಉಟ್ನೂರಿನಲ್ಲಿ 1957ರಲ್ಲಿ ಅಗೆದ ರೇಮಂಡ್ ಆಲ್ಚಿನ್ ಅವರು ಆ ಊಹೆಗೆ ಆಧಾರ ಒದಗಿಸಿದರು. ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳಿದ್ದವು. ಸುತ್ತ ಬೇಲಿಗೂಟ ನೆಟ್ಟ ಕುಳಿಗಳಿದ್ದವು. ಅದು ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ದೊಡ್ಡಿ! ಮುಂದೆ 1989ರಿಂದ ಸುರಪುರ ಸೀಮೆಯ ಬೂದಿಹಾಳದಲ್ಲಿ ಅಗೆದ ಕೆ. ಪದ್ದಯ್ಯನವರಿಗೆ ದೊಡ್ಡಿಯ ಜೊತೆಗೆ ವಾಸದ ನೆಲೆಯೂ, ದನಗಳನ್ನು ಕಡಿದು ಮಾಂಸ ಹಂಚಿಕೊಂಡ ನೆಲವೂ ದೊರೆತವು.

ಮಾಂಸದೊಡನೆ ಧಾನ್ಯವೂ ಇತ್ತು. ಅಗೆದ ಮಣ್ಣನ್ನು ನೀರಿಗೆ ಹಾಕಿದರೆ ಕರಿಕಾದ ಕಾಳುಗಳು ತೇಲುತ್ತವೆ. ಹೀಗೆ ಸೋಸಿ ಪರೀಕ್ಷಿಸಿದ ಡೋರಿಯನ್ ಫುಲ್ಲರ್ ಮೊದಲಾದವರಿಗೆ ಸಿಕ್ಕಿದ್ದು ಹುರುಳಿ, ಹೆಸರು ಮತ್ತು ಕೊರಲೆಯಂಥ ಕಿರುಧಾನ್ಯ. ನಮ್ಮ ಮುದ್ದೆಯ ರಾಗಿ ಆಫ್ರಿಕ ಮೂಲದ್ದು, ನಂತರ ಬಂದದ್ದು. ಹುರುಳಿಯ ಸಾರು ಮಾತ್ರ ನಮ್ಮ ಅಡುಗೆಮನೆಗೆ ಅಷ್ಟು ಪ್ರಾಚೀನ ಬಂಧು.

ಆದರೆ ಗೊಬ್ಬರವಾಗಬಲ್ಲ ಸಗಣಿಯನ್ನು ಸುಟ್ಟದ್ದೇಕೆ? ಆಲ್ಚಿನ್ ಅವರಿಗೆ ನಮ್ಮ ಹಬ್ಬಗಳ ಬೆಂಕಿ ನೆನಪಾಯಿತು. ಸಂಕ್ರಾಂತಿಯ ಸಂಜೆ ದನಗಳನ್ನು ಕಿಚ್ಚು ಹಾಯಿಸುವ ಮೈಸೂರು ಸೀಮೆಯವರಿಗೆ ಈ ವಿವರಣೆ ತಟ್ಟನೆ ಹಿಡಿಸುತ್ತದೆ. ಹಿಡಿಸುವುದೆಂಬ ಕಾರಣಕ್ಕೇ ನಾವು ಎಚ್ಚರದಿಂದಿರಬೇಕೆಂದು ನನಗೆ ತೋರುತ್ತದೆ. ಹೋಲಿಕೆ ಪ್ರಶ್ನೆಯನ್ನು ಎತ್ತೀತೇ ಹೊರತು ನಾಲ್ಕು ಸಹಸ್ರ ವರ್ಷಗಳ ಅಖಂಡ ಪರಂಪರೆಯನ್ನು ಸ್ಥಾಪಿಸಲಾರದು.

ಉತ್ತರ ಸಿಗಬೇಕಾದರೆ ದಿಬ್ಬಗಳು ಉಳಿಯಬೇಕು. ಹೊಲಕ್ಕೆ ಒಳ್ಳೆಯ ಗೊಬ್ಬರವೆಂದು ಹಲವು ದಿಬ್ಬಗಳ ಬೂದಿಯನ್ನು ಗಾಡಿಗಳಲ್ಲಿ ಸಾಗಿಸಿದ್ದಾರೆ. ಬಡರೈತನನ್ನು ದೂರುವುದು ಸುಲಭ. ಆ ಬೂದಿ ಏನೆಂದು ಅವನಿಗೆ ಹೇಳುವ ಹೊಣೆಯನ್ನು ಓದುಬಲ್ಲ ನಾವು ಹೊತ್ತುಕೊಳ್ಳಲಿಲ್ಲ. ಅರಮನೆ ಕಟ್ಟದ, ಅಕ್ಷರ ಕೆತ್ತಿಸದ ಆ ದನಗಾಹಿಗಳಿಗೆ ಬೇರೆ ಶಾಸನವಿಲ್ಲ.