ಫೋನ್ ಆ್ಯಪ್ ನದಿಯ ಆಳ ಹೇಳುತ್ತದೆಯೇ? ಸಣ್ಣ ಅಲ್ಯೂಮಿನಿಯಂ ದೋಣಿಗೆ ಡೆಪ್ತ್ ಸೌಂಡರ್ ಆರಿಸುವುದು, ಕೂರಿಸುವುದು ಹೇಗೆ?

ರಬಕವಿ-ಬನಹಟ್ಟಿ ಮತ್ತು ಜಮಖಂಡಿಯ ಪಕ್ಕ ಕೃಷ್ಣೆ ಹರಿಯುತ್ತಾಳೆ, ಮುಧೋಳದಲ್ಲಿ ಘಟಪ್ರಭೆ. ಮುಂದೆ ಬೀಳಗಿ ತಾಲ್ಲೂಕಿನ ಚಿಕ್ಕಸಂಗಮದ ಬಳಿ ಎರಡೂ ನದಿಗಳು ಆಲಮಟ್ಟಿ ಹಿನ್ನೀರಿನಲ್ಲಿ ಕೂಡುತ್ತವೆ. ಇಲ್ಲಿ ನೀರಿನ ಮೇಲ್ಮೈ ಎಲ್ಲ ಕಡೆ ಒಂದೇ ಥರ ಕಾಣುತ್ತದೆ, ಆದರೆ ತಳ ಒಂದೇ ಥರ ಇಲ್ಲ. ಹಿನ್ನೀರಿನ ಅಡಿಯಲ್ಲಿ ಮುಳುಗಿದ ಹೊಲದ ಬದುಗಳಿವೆ, ಹಳೆಯ ರಸ್ತೆ, ಗೋಡೆ, ಒಣಮರಗಳಿವೆ. ಹತ್ತು ಅಡಿ ನೀರು ಒಂದೇ ದೋಣಿಯುದ್ದದಲ್ಲಿ ಎರಡು ಅಡಿಗೆ ಇಳಿಯಬಹುದು. ಔಟ್‌ಬೋರ್ಡ್ ಮೋಟರಿನ ಪ್ರೊಪೆಲ್ಲರ್ ಕಲ್ಲಿಗೆ ಬಡಿದರೆ ದೋಣಿ ನಿಯಂತ್ರಣ ತಪ್ಪುತ್ತದೆ, ಒಳಗಿದ್ದವರು ನೀರಿಗೆ ಬೀಳುತ್ತಾರೆ.

ಅಂಬಿಗರು ಹಿಂದಿನಿಂದಲೂ ಗಳ ಊರಿ ಆಳ ನೋಡುತ್ತಾರೆ. ಈಗ ಮೀನುಗಾರರು, ರಕ್ಷಣಾ ಕೆಲಸದವರು ಬಳಸುವ ಸಣ್ಣ ದೋಣಿಗಳಿಗೂ ಆಳ ಅಳೆಯುವ ಯಂತ್ರ ಸಿಗುತ್ತದೆ. ಅದರ ಹೆಸರು ಡೆಪ್ತ್ ಸೌಂಡರ್. ಅಂಗಡಿಯಲ್ಲಿ ‘ಫಿಶ್ ಫೈಂಡರ್’ ಎಂದು ಮಾರುವುದೂ ಬಹುಪಾಲು ಇದನ್ನೇ. ಇದರ ಬಗ್ಗೆ ಇರುವ ತಪ್ಪು ಕಲ್ಪನೆಗಳು ಯಾವುವು, ಯಂತ್ರವನ್ನು ಹೇಗೆ ಆರಿಸಬೇಕು, ಎಲ್ಲಿ ಕೂರಿಸಬೇಕು ಎಂಬುದನ್ನು ನಾವು ಇಲ್ಲಿ ಒಂದೊಂದಾಗಿ ನೋಡೋಣ.

ಇದು ಕೆಲಸ ಮಾಡುವುದು ಹೇಗೆ?

ದೋಣಿಯ ಹಿಂದೆ ನೀರಿನಲ್ಲಿ ಮುಳುಗಿರುವ ಸಣ್ಣ ಭಾಗಕ್ಕೆ ಟ್ರಾನ್ಸ್‌ಡ್ಯೂಸರ್ ಎನ್ನುತ್ತಾರೆ. ಅದು ನಮ್ಮ ಕಿವಿಗೆ ಕೇಳದ ಶಬ್ದವನ್ನು ಕೆಳಕ್ಕೆ ಕಳಿಸುತ್ತದೆ. ಶಬ್ದ ತಳಕ್ಕೆ ಬಡಿದು ಮರಳಿ ಬರುತ್ತದೆ. ಸಿಹಿನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. 10 ಮೀಟರ್ ಆಳಕ್ಕೆ ಹೋಗಿ ಬರಲು ಅದಕ್ಕೆ ಬೇಕಾಗುವುದು ಸೆಕೆಂಡಿನ ಸಾವಿರ ಭಾಗದಲ್ಲಿ 13 ಭಾಗ ಮಾತ್ರ. ಆ ಸಮಯವನ್ನು ಅಳೆದು ಯಂತ್ರ ಆಳವನ್ನು ಲೆಕ್ಕ ಹಾಕುತ್ತದೆ.

‘ಆ್ಯಪ್ ಹಾಕಿಕೊಂಡರೆ ಸಾಕು, ಫೋನೇ ಆಳ ಹೇಳುತ್ತದೆ’ ಎಂಬುದು ನಿಜವೇ?

ಇಲ್ಲ. ಫೋನಿನ ಸ್ಪೀಕರ್, ಮೈಕು ಇರುವುದು ಗಾಳಿಯಲ್ಲಿ. ಗಾಳಿಯಿಂದ ನೀರಿಗೆ ಬಡಿದ ಶಬ್ದದಲ್ಲಿ ಹೆಚ್ಚುಕಡಿಮೆ ಎಲ್ಲವೂ ಮೇಲ್ಮೈಯಿಂದಲೇ ಹಿಂದಿರುಗುತ್ತದೆ. ನೀರಿನಲ್ಲಿ ತೇಲಿಬಿಡುವ ಚೆಂಡಿನಂಥ ಸೋನಾರ್ ಸಾಧನಗಳಿವೆ, ಅವು ವೈಫೈ ಅಥವಾ ಬ್ಲೂಟೂತ್ ಮೂಲಕ ಫೋನಿಗೆ ಚಿತ್ರ ಕಳಿಸುತ್ತವೆ. ಅಲ್ಲಿಯೂ ಅಳೆಯುವುದು ಆ ಚೆಂಡು, ಫೋನ್ ತೋರಿಸುತ್ತದೆ ಅಷ್ಟೇ. ಬರೀ ಆ್ಯಪ್ ನಂಬಿ ಯಾರೂ ನೀರಿಗೆ ಇಳಿಯಬಾರದು.

‘ಆಲಮಟ್ಟಿಯಲ್ಲಿ 519 ಮೀಟರ್ ನೀರು’ ಎಂದರೆ ಅಷ್ಟು ಆಳವೇ?

ಅಲ್ಲ. ಮಳೆಗಾಲದಲ್ಲಿ ಹರಿದಾಡುವ ಈ ಅಂಕಿ ಸಮುದ್ರ ಮಟ್ಟದಿಂದ ನೀರಿನ ಮೇಲ್ಮೈ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಹೇಳುತ್ತದೆ. ಜಲಾಶಯದ ಗರಿಷ್ಠ ಮಟ್ಟ 519.60 ಮೀಟರ್. ನಿಮ್ಮ ದೋಣಿ ನಿಂತ ಜಾಗದಲ್ಲಿ ತಳದ ನೆಲ 516 ಮೀಟರ್ ಎತ್ತರದಲ್ಲಿದ್ದರೆ, ಜಲಾಶಯ ತುಂಬಿದಾಗಲೂ ಅಲ್ಲಿನ ಆಳ 3.60 ಮೀಟರ್ ಮಾತ್ರ. ನೀರಿನ ಮಟ್ಟ ಎರಡು ಮೀಟರ್ ಇಳಿದರೆ ಅದೇ ಜಾಗದ ಆಳವೂ ಎರಡು ಮೀಟರ್ ಕಡಿಮೆಯಾಗುತ್ತದೆ. ಆದ್ದರಿಂದ ದಸರೆಯ ಹೊತ್ತಿಗೆ ಗುರುತು ಹಾಕಿಕೊಂಡ ದಾರಿಯನ್ನು ಬೇಸಿಗೆಯಲ್ಲಿ ನಂಬುವಂತಿಲ್ಲ. ಹಿಪ್ಪರಗಿ ಬ್ಯಾರೇಜ್ ಇರಲಿ, 1989ರಲ್ಲಿ ರೈತರೇ ಹಣ, ಶ್ರಮ ಹಾಕಿ ಕಟ್ಟಿದ ಚಿಕ್ಕಪಡಸಲಗಿ ಬ್ಯಾರೇಜ್ ಇರಲಿ, ಅವುಗಳ ಹಿಂದಿನ ನೀರಿಗೂ ಇದೇ ಮಾತು ಅನ್ವಯಿಸುತ್ತದೆ.

ಯಂತ್ರ ಆರಿಸುವಾಗ ಏನು ನೋಡಬೇಕು?

*ಫ್ರೀಕ್ವೆನ್ಸಿ:* ನದಿ, ಹಿನ್ನೀರಿಗೆ 200 ಕಿಲೋಹರ್ಟ್ಸ್ ಸುತ್ತಮುತ್ತಲಿನದು ಸಾಕು. 50 ಕಿಲೋಹರ್ಟ್ಸ್ ಆಳ ಸಮುದ್ರಕ್ಕೆ. ‘ಸಾವಿರ ಅಡಿ ಅಳೆಯುತ್ತದೆ’ ಎಂಬ ಜಾಹೀರಾತಿಗೆ ಹೆಚ್ಚು ದುಡ್ಡು ಕೊಡಬೇಕಿಲ್ಲ.

*ಕನಿಷ್ಠ ಆಳ:* ನಮ್ಮ ಭಾಗದಲ್ಲಿ ಮುಖ್ಯವಾದದ್ದು ಇದು. ಅರ್ಧ ಮೀಟರಿಗಿಂತ ಕಡಿಮೆ ನೀರಿನಲ್ಲಿ ಅನೇಕ ಯಂತ್ರಗಳು ತಪ್ಪು ಅಂಕಿ ತೋರಿಸುತ್ತವೆ. ಎಷ್ಟು ಕಡಿಮೆ ಆಳದವರೆಗೆ ಸರಿಯಾಗಿ ಅಳೆಯುತ್ತದೆ ಎಂದು ಕೊಳ್ಳುವ ಮುನ್ನ ಕೇಳಿ.

*ಪರದೆ:* ನಡು ಮಧ್ಯಾಹ್ನದ ಬಿಸಿಲಿನಲ್ಲಿ ಓದಲು ಬರಬೇಕು. ಐಪಿಎಕ್ಸ್7 ಗುರುತಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಬಿದ್ದರೂ ಒಳಗೆ ನೀರು ಹೋಗುವುದಿಲ್ಲ ಎಂದರ್ಥ.

*ಬ್ಯಾಟರಿ:* ಹೆಚ್ಚಿನವು 12 ವೋಲ್ಟಿನವು. ಔಷಧಿ ಹೊಡೆಯುವ ಬ್ಯಾಟರಿ ಪಂಪಿನಲ್ಲಿ ಇರುವಂಥ ಸಣ್ಣ ಬ್ಯಾಟರಿಯೇ ಸಾಕು. ಅರ್ಧ ಆಂಪಿಯರ್ ಎಳೆಯುವ ಯಂತ್ರ 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 14 ಗಂಟೆ ನಡೆಯಬೇಕು. ಬ್ಯಾಟರಿಯನ್ನು ಪೂರ್ತಿ ಇಳಿಸಬಾರದು, ಹಾಗಾಗಿ ಅರ್ಧ ದಿನ ಎಂದು ಹಿಡಿಯಿರಿ.

*ಅಳತೆಯ ಘಟಕ:* ಪರದೆಯ ಮೇಲೆ ‘3’ ಎಂದರೆ ಮೂರು ಅಡಿಯೇ, ಮೂರು ಮೀಟರೇ? ದೋಣಿಯಲ್ಲಿ ಕೂರುವ ಎಲ್ಲರಿಗೂ ಅರ್ಥವಾಗುವ ಒಂದೇ ಘಟಕವನ್ನು ಇಟ್ಟುಕೊಳ್ಳಿ.

ಅಲ್ಯೂಮಿನಿಯಂ ದೋಣಿಗೆ ಬೇರೆ ನಿಯಮ ಏಕೆ?

ಫೈಬರ್ ದೋಣಿಯಾದರೆ ಟ್ರಾನ್ಸ್‌ಡ್ಯೂಸರನ್ನು ಒಳಗಡೆ ತಳಕ್ಕೆ ಅಂಟಿಸಿ, ತಳದ ಮೂಲಕವೇ ಶಬ್ದ ಕಳಿಸಬಹುದು. ಅಲ್ಯೂಮಿನಿಯಂ ತಗಡು ಶಬ್ದದ ಬಹುಭಾಗವನ್ನು ಹಿಂದಕ್ಕೆ ತಳ್ಳುವುದರಿಂದ ಅಲ್ಲಿ ಈ ವಿಧಾನ ಬೇಡ. ಟ್ರಾನ್ಸ್‌ಡ್ಯೂಸರನ್ನು ಹೊರಗಡೆ, ಮೋಟರ್ ಕೂರುವ ಹಿಂಬದಿಯ ಹಲಗೆಗೆ ಕೂರಿಸಬೇಕು.

ಎರಡನೆಯ ಸಮಸ್ಯೆ ಸವೆತ. ನೀರಿನಲ್ಲಿ ಅಲ್ಯೂಮಿನಿಯಂ ಜೊತೆ ತಾಮ್ರ, ಹಿತ್ತಾಳೆ ಅಥವಾ ಕಂಚು ತಾಗಿದ್ದರೆ ಬ್ಯಾಟರಿಯಲ್ಲಿ ನಡೆಯುವಂಥ ಕ್ರಿಯೆ ನಡೆದು ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಆದ್ದರಿಂದ ಪ್ಲಾಸ್ಟಿಕ್ ಕವಚದ ಟ್ರಾನ್ಸ್‌ಡ್ಯೂಸರ್, ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಬಳಸಿ. ಸ್ಕ್ರೂ ತೂತಿಗೆಲ್ಲ ದೋಣಿಗೆಂದೇ ಇರುವ ಸೀಲೆಂಟ್ ತುಂಬಿ. ಹುಳಿ ವಿನೆಗರ್ ವಾಸನೆ ಬರುವ ಅಗ್ಗದ ಸಿಲಿಕೋನ್ ಬೇಡ, ಅದರ ಆಮ್ಲ ಲೋಹವನ್ನು ತಿನ್ನುತ್ತದೆ. ವೈರಿಂಗ್ ಮಾಡುವಾಗ ದೋಣಿಯ ತಗಡನ್ನೇ ನೆಗೆಟಿವ್ ವೈರ್ ಆಗಿ ಬಳಸುವುದೂ ಬೇಡ. ಎರಡು ವೈರ್ ಬೇರೆಬೇರೆಯಾಗಿ ಎಳೆದು, ಪಾಸಿಟಿವ್ ವೈರಿಗೆ ಯಂತ್ರದ ಕೈಪಿಡಿ ಹೇಳಿದಷ್ಟು ಆಂಪಿಯರಿನ ಫ್ಯೂಸ್ ಹಾಕಿ.

ಎಲ್ಲಿ, ಹೇಗೆ ಕೂರಿಸಬೇಕು?

1. ಹೆಚ್ಚಿನ ಔಟ್‌ಬೋರ್ಡ್ ಪ್ರೊಪೆಲ್ಲರುಗಳು ಹಿಂದಿನಿಂದ ನೋಡಿದರೆ ಗಡಿಯಾರದ ದಿಕ್ಕಿನಲ್ಲಿ ತಿರುಗುತ್ತವೆ. ಅಂಥವಕ್ಕೆ ಬಲಬದಿಯಲ್ಲಿ, ಪ್ರೊಪೆಲ್ಲರಿನಿಂದ ಕನಿಷ್ಠ 38 ಸೆಂಟಿಮೀಟರ್ ದೂರದಲ್ಲಿ ಜಾಗ ಆರಿಸಿ.

2. ತಳದಲ್ಲಿರುವ ರಿವೆಟ್ ಸಾಲು, ಉಬ್ಬು ಪಟ್ಟಿಗಳ ನೇರಕ್ಕೆ ಕೂರಿಸಬೇಡಿ. ಅವುಗಳ ಹಿಂದೆ ಗಾಳಿಗುಳ್ಳೆ ಏಳುತ್ತದೆ. ಶಬ್ದ ಗುಳ್ಳೆಗೆ ಬಡಿದು ಮರಳಿದರೆ ಅಂಕಿ ಕುಣಿಯುತ್ತದೆ ಅಥವಾ ಮಾಯವಾಗುತ್ತದೆ.

3. ಟ್ರಾನ್ಸ್‌ಡ್ಯೂಸರಿನ ಮುಖ ದೋಣಿಯ ತಳಕ್ಕಿಂತ ಸುಮಾರು 10 ಮಿಲಿಮೀಟರ್ ಕೆಳಗಿರಲಿ, ನೀರಿನ ಮಟ್ಟಕ್ಕೆ ಸಮವಾಗಿ ನೇರ ಕೆಳಕ್ಕೆ ನೋಡುತ್ತಿರಲಿ.

4. ಮೊದಲೇ ದೋಣಿಗೆ ತೂತು ಕೊರೆಯಬೇಡಿ. ಗಟ್ಟಿ ಪ್ಲಾಸ್ಟಿಕ್ ಹಲಗೆಯ ತುಂಡೊಂದನ್ನು ಹಿಂಬದಿಗೆ ಭದ್ರಮಾಡಿ, ಟ್ರಾನ್ಸ್‌ಡ್ಯೂಸರನ್ನು ಅದಕ್ಕೆ ಕೂರಿಸಿ. ಮುಂದೆ ಜಾಗ ಸ್ವಲ್ಪ ಬದಲಿಸಬೇಕಾದರೆ ತೂತು ಬೀಳುವುದು ಹಲಗೆಗೆ, ದೋಣಿಗಲ್ಲ.

5. ಕೇಬಲನ್ನು ಮೋಟರಿನ ವೈರುಗಳ ಜೊತೆ ಸುತ್ತಬೇಡಿ. ಉದ್ದ ಹೆಚ್ಚಾಯಿತೆಂದು ಕತ್ತರಿಸಲೂ ಬೇಡಿ.

ತೋರಿಸಿದ ಅಂಕಿ ಸರಿಯೇ ಎಂದು ತಿಳಿಯುವುದು ಹೇಗೆ?

ಯಂತ್ರ ಅಳೆಯುವುದು ಟ್ರಾನ್ಸ್‌ಡ್ಯೂಸರಿನಿಂದ ಕೆಳಕ್ಕೆ. ಅದು ನೀರಿನ ಮಟ್ಟದಿಂದ 15 ಸೆಂಟಿಮೀಟರ್ ಕೆಳಗೆ, ಪ್ರೊಪೆಲ್ಲರಿನ ತುದಿ 50 ಸೆಂಟಿಮೀಟರ್ ಕೆಳಗೆ ಇದೆ ಎಂದುಕೊಳ್ಳಿ. ಪರದೆ 1 ಮೀಟರ್ ತೋರಿಸಿದರೆ ನೀರಿನ ನಿಜವಾದ ಆಳ 115 ಸೆಂಟಿಮೀಟರ್, ಪ್ರೊಪೆಲ್ಲರಿಗೆ ಉಳಿಯುವುದು 65 ಸೆಂಟಿಮೀಟರ್ ಮಾತ್ರ. ಈ ವ್ಯತ್ಯಾಸವನ್ನು ‘ಕೀಲ್ ಆಫ್‌ಸೆಟ್’ ಎಂಬ ಸೆಟ್ಟಿಂಗಿನಲ್ಲಿ ತುಂಬಬಹುದು.

ನಂತರ ನಿಂತ ನೀರಿನಲ್ಲಿ ಪರೀಕ್ಷಿಸಿ. ಹಗ್ಗಕ್ಕೆ ಅರ್ಧ ಮೀಟರಿಗೊಂದು ಗಂಟು ಹಾಕಿ, ತುದಿಗೆ ತೂಕ ಕಟ್ಟಿ ಇಳಿಬಿಡಿ. ಎರಡು ಮೂರು ಜಾಗದಲ್ಲಿ ಹಗ್ಗ, ಯಂತ್ರ ಎರಡೂ ಒಂದೇ ಹೇಳಿದರೆ ಕೂರಿಸಿದ್ದು ಸರಿಯಾಗಿದೆ. ಹೂಳು ಮೆತ್ತಗಿದ್ದ ಕಡೆ ತೂಕ ಒಳಗೆ ಇಳಿಯುವುದರಿಂದ ಗಟ್ಟಿ ತಳವಿರುವ ಜಾಗ ಆರಿಸಿ. ಜಲಕಳೆ ದಟ್ಟವಾಗಿದ್ದಲ್ಲಿ ಯಂತ್ರ ಕಳೆಯನ್ನೇ ತಳವೆಂದು ತೋರಿಸಬಹುದು.

ಮುಂದಿರುವ ಕಲ್ಲು ಇದರಲ್ಲಿ ಕಾಣುತ್ತದೆಯೇ?

ಕಾಣುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ನೆನಪಿಡಬೇಕಾದದ್ದು ಇದು. 20 ಡಿಗ್ರಿ ಕೋನದ ಶಬ್ದ 6 ಮೀಟರ್ ಆಳದಲ್ಲಿ ಸುಮಾರು 2 ಮೀಟರ್ ಅಗಲದ ವೃತ್ತವನ್ನಷ್ಟೇ ನೋಡುತ್ತದೆ, ಅದೂ ದೋಣಿಯ ಹಿಂಬದಿಯ ಕೆಳಗೆ. 4 ಮೀಟರ್ ಉದ್ದದ ದೋಣಿ ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿದ್ದರೆ, ಮೂತಿ ದಾಟಿದ ಜಾಗವನ್ನು ಯಂತ್ರ ನೋಡುವುದು ಸುಮಾರು ಒಂದೂವರೆ ಸೆಕೆಂಡಿನ ನಂತರ. ಗೊತ್ತಿಲ್ಲದ ನೀರಿನಲ್ಲಿ ನಡೆಯುವ ವೇಗದಲ್ಲೇ ಹೋಗಬೇಕು, ಅಂಕಿ ಇಳಿಯುತ್ತಾ ಬಂದರೆ ನಿಲ್ಲಿಸಬೇಕು, ಮೂತಿಯಲ್ಲಿ ಒಬ್ಬರು ಗಳ ಹಿಡಿದು ಕೂರಬೇಕು.

2019ರ ಆಗಸ್ಟ್‌ನಂಥ ಪ್ರವಾಹದಲ್ಲಿ ಅಪಾಯ ಇನ್ನೂ ಹೆಚ್ಚು. ಆಗ ಹೊಲ, ಓಣಿಗಳ ಮೇಲೆಯೇ ದೋಣಿ ಓಡಿಸಬೇಕಾಗುತ್ತದೆ. ನೀರಿನ ಕೆಳಗೆ ತಂತಿಬೇಲಿ, ಪಂಪ್‌ಸೆಟ್, ಕಂಬ, ಮೇಲೆ ವಿದ್ಯುತ್ ತಂತಿ. ತೆಳುವಾದ ತಂತಿ ಯಂತ್ರಕ್ಕೆ ಕಾಣದೆ ಹೋಗಬಹುದು. ಸೆಳವು, ತೇಲಿಬರುವ ಮರ, ಬ್ಯಾರೇಜಿನ ಗೇಟುಗಳ ಎಳೆತದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಅಂಥ ನೀರಿಗೆ ತರಬೇತಿ ಪಡೆದ ತಂಡದವರು ಮಾತ್ರ ಇಳಿಯಬೇಕು.

ಒಟ್ಟಿನಲ್ಲಿ

ಡೆಪ್ತ್ ಸೌಂಡರ್ ಉಪಯುಕ್ತ ಸಾಧನ. ಆದರೆ ಅದು ಹೇಳುವುದು ಈಗ, ಇಲ್ಲಿ, ದೋಣಿಯ ಹಿಂಬದಿಯ ಕೆಳಗೆ ಎಷ್ಟು ನೀರಿದೆ ಎಂಬುದನ್ನು ಮಾತ್ರ. ಅದೂ ಸರಿಯಾಗಿ ಕೂರಿಸಿ, ಹಗ್ಗದಿಂದ ಪರೀಕ್ಷಿಸಿದ್ದರೆ. ಫೋನ್ ಆ್ಯಪ್ ಆಗಲಿ, ಜಲಾಶಯದ ಮಟ್ಟದ ಮೆಸೇಜ್ ಆಗಲಿ ಇದಕ್ಕೆ ಬದಲಿ ಅಲ್ಲ. ದೋಣಿಯಲ್ಲಿ ಇರುವ ಪ್ರತಿಯೊಬ್ಬರೂ ಲೈಫ್ ಜಾಕೆಟ್ ಹಾಕಿ, ಬಕಲ್ ಬಿಗಿದ ಮೇಲೆಯೇ ಯಂತ್ರದ ಸ್ವಿಚ್ ಒತ್ತಿ. ನಿಮ್ಮ ಊರಿನ ಗ್ರೂಪಿಗೆ ಕಳಿಸುವುದಾದರೆ ಈ ಕೊನೆಯ ಮಾತನ್ನು ಮೊದಲು ಕಳಿಸಿ.